ಮನೆಯ ಲಿಫ್ಟಿನಲ್ಲಿ ಅಪಾಯ ಎಲ್ಲಿದೆ?

ಲಿಫ್ಟಿನೊಳಗೆ ನಿಂತಾಗ ‘ಹಗ್ಗ ತುಂಡಾದರೆ ಏನು ಗತಿ?’ ಎಂದು ನಿಮಗೂ ಅನ್ನಿಸಿರಬಹುದು. ಈ ಭಯಕ್ಕೆ 1854ರಲ್ಲೇ ಉತ್ತರ ಸಿಕ್ಕಿತು. ನ್ಯೂಯಾರ್ಕಿನ ವಸ್ತುಪ್ರದರ್ಶನವೊಂದರಲ್ಲಿ ಎಲಿಷಾ ಓಟಿಸ್, ಮೇಲೆತ್ತಿದ ವೇದಿಕೆಯ ಮೇಲೆ ನಿಂತು ಅದರ ಹಗ್ಗವನ್ನೇ ಕಡಿಸಿದರು. ವೇದಿಕೆ ತುಸು ಜಾರಿ ನಿಂತುಬಿಟ್ಟಿತು. ಹಗ್ಗದ ಬಿಗಿತ ಹೋದೊಡನೆ ಸ್ಪ್ರಿಂಗೊಂದು ಚಾಚಿ ಇಕ್ಕೆಲದ ಹಲ್ಲುಪಟ್ಟಿಗಳಿಗೆ ಕಚ್ಚಿಕೊಂಡಿತ್ತು. ಇಂದಿನ ಹಗ್ಗದ ಲಿಫ್ಟುಗಳಲ್ಲೂ ಹಳಿಗಳನ್ನು ಬಿಗಿಯಾಗಿ ಹಿಡಿಯುವ ಇಂಥ ಬ್ರೇಕ್ ಇರುತ್ತದೆ.

ಹಾಗಾದರೆ ಅಪಾಯ ಎಲ್ಲಿ? ಬಾಗಿಲಲ್ಲಿ. ಮನೆಯ ಲಿಫ್ಟಿಗೆ ಸಾಮಾನ್ಯವಾಗಿ ಮಹಡಿಯ ಕಡೆ ಒಂದು ಬಾಗಿಲು, ಲಿಫ್ಟಿಗೇ ಸೇರಿದ ಇನ್ನೊಂದು ಬಾಗಿಲು. ನಡುವಿನ ಸಂದು ಅಗಲವಾಗಿದ್ದರೆ ಪುಟ್ಟ ಮಗು ಅಲ್ಲಿ ಸಿಕ್ಕಿಕೊಳ್ಳಬಹುದು. ಎರಡೂ ಬಾಗಿಲು ಮುಚ್ಚಿರುವುದರಿಂದ ಯಂತ್ರಕ್ಕೆ ಅದು ತಿಳಿಯದು. ಬೇರೆ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿದರೆ ಲಿಫ್ಟ್ ಹೊರಟೇಬಿಡುತ್ತದೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ಅಲ್ಲಿ ಈಗ ಹೇಳುವ ಪರೀಕ್ಷೆ ಸರಳ: 4 ಅಂಗುಲ ವ್ಯಾಸದ ಚೆಂಡು ಆ ಸಂದಿನಲ್ಲಿ ಹಿಡಿಸಬಾರದು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಲಿಫ್ಟ್ ಇದ್ದರೆ, ದುರಸ್ತಿಗೆ ಬರುವವರಿಂದ ಈ ಸಂದನ್ನು ಅಳೆಸಲು ಹಿರಿಯರಿಗೆ ಹೇಳಿ. ಹೆಚ್ಚಿದ್ದರೆ ಅದನ್ನು ತುಂಬುವ ತಡೆ ಹಾಕಿಸಬಹುದು. ಅಲ್ಲಿಯವರೆಗೆ ಚಿಕ್ಕ ಮಕ್ಕಳನ್ನು ಅದರ ಬಳಿ ಒಂಟಿಯಾಗಿ ಬಿಡಬೇಡಿ.