ಬೆಲೆಯಿಲ್ಲದ ಚಹಾ

ದಕ್ಷಿಣ ಥಾಯ್ಲೆಂಡಿನ ಪಟ್ಟಾನಿ ಪ್ರಾಂತ್ಯದಲ್ಲಿ ಮಲಯ ಮಾತನಾಡುವ ಮುಸ್ಲಿಮರೇ ಹೆಚ್ಚು. ನಾವು ಗಂಡ-ಹೆಂಡತಿ ಅಲ್ಲಿನ ಶಾಲೆಯೊಂದಕ್ಕೆ ಇಂಗ್ಲಿಷ್ ಕಲಿಸಲು ಹೋದ ಹೊಸತು. ಜೊತೆಯ ಶಿಕ್ಷಕರೊಬ್ಬರು 'ಮಾಕಾನ್ ತೆಹ್'ಗೆ ಬನ್ನಿ, ಚಹಾ ಕುಡಿಯೋಣ ಎಂದು ಕರೆದರು. ಹೋದರೆ ಶಾಮಿಯಾನ, ಸಾಲು ಮೇಜು, ಊರಿಡೀ ಜನ! ಚಹಾ, ರೊಟ್ಟಿ, ಅಂಟು ಅಕ್ಕಿಯ ತಿಂಡಿ ಬಂತು. ಹೊಟ್ಟೆ ತುಂಬಿದ ಮೇಲೆ "ಎಷ್ಟಾಯ್ತು?" ಎಂದು ಕೇಳಿಬಿಟ್ಟೆವು. ಬಡಿಸುತ್ತಿದ್ದ ಅಜ್ಜಿ ನಕ್ಕು ಖಾಲಿ ಲಕೋಟೆ ಕೊಟ್ಟರು.

ಆ ಊರಿನ 'ತಾಡಿಕಾ', ಅಂದರೆ ಮಕ್ಕಳ ಮದ್ರಸದ ಮಾಡು ಸೋರುತ್ತಿತ್ತಂತೆ. ಚಹಾ ಕುಡಿದವರು ಕೈಲಾದಷ್ಟು ಹಾಕಬೇಕು. ಹೊಸ ಮಾಡಿಗೆ ಅದೇ ಹಣ.

ನಮಗಿನ್ನೂ ಸಂಬಳ ಆಗಿರಲಿಲ್ಲ. 50 ಬಾತ್ ಹಾಕುವಾಗ ನಾಚಿಕೆಯಾಯಿತು. ಅಜ್ಜಿ ಲಕೋಟೆಯನ್ನು ತೆರೆದೂ ನೋಡದೆ ಡಬ್ಬಿಗೆ ಹಾಕಿ, ಇನ್ನೊಂದು ಗ್ಲಾಸ್ ಚಹಾ ತಂದಿಟ್ಟರು.

ನಮ್ಮೂರ ಪಳ್ಳಿಯ ಏಲಂ ನೆನಪಾಯಿತು. ಬಡವರು ತಂದ ಒಂದು ತೆಂಗಿನಕಾಯಿಗೂ ಸಾವಿರ ಕೂಗುವ ದೊಡ್ಡ ಮನಸ್ಸಿನವರು ನಮ್ಮಲ್ಲಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಕೂಗಲಾಗದೆ ಹಿಂದೆ ನಿಂತವರ ಕೈಗೂ ಒಂದು ಲಕೋಟೆ, ಒಂದು ಗ್ಲಾಸ್ ಚಹಾ ಕೊಟ್ಟರೆ ಹೇಗೆ?