ಒಂದು ಟನ್, ಮೂರು ಮೀಟರ್ ಎತ್ತರ

ಅಥಣಿ ತಾಲ್ಲೂಕಿನ ಪೂರ್ವದಂಚಿನ ತೆಲಸಂಗದ ಕಡೆ ಬೇಸಿಗೆ ಏರುತ್ತಿದ್ದಂತೆ ಒಣದ್ರಾಕ್ಷಿ ಶೆಡ್ಡುಗಳಿಗೆ ಬಿಡುವಿರುವುದಿಲ್ಲ. ಗೊನೆಗಳನ್ನು ಡಿಪ್ಪಿಂಗ್ ಎಣ್ಣೆ, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಬಲೆಯ ಅಂತಸ್ತುಗಳ ಮೇಲೆ ಹರವಿ ಒಣಗಿಸುತ್ತಾರೆ. ಕಡ್ಡಿ ಬಿಡಿಸಿ, ತೊಳೆದು, ಗ್ರೇಡ್ ಮಾಡಿದ ಹಣ್ಣು 15 ಕೆ.ಜಿ.ಯ ರಟ್ಟಿನ ಪೆಟ್ಟಿಗೆ ಸೇರುತ್ತದೆ. ಬಣ್ಣ ಕೆಡದಂತೆ ಕಾಪಾಡಲು ಅದನ್ನು ಕೋಲ್ಡ್ ಸ್ಟೋರೇಜಿಗೆ ಹಾಕಬೇಕು. ಶೆಡ್ಡಿನಿಂದ ಟೆಂಪೊಗೆ, ಟೆಂಪೊದಿಂದ ಒಳಗಿನ ಥಪ್ಪಿಗೆ, ಹರಾಜಿಗೆ ಬಂದಾಗ ಮತ್ತೆ ಹೊರಕ್ಕೆ. ಪ್ರತಿ ಸಲವೂ ಆ ಪೆಟ್ಟಿಗೆಯನ್ನು ಒಬ್ಬ ಹಮಾಲ ಬಗ್ಗಿ ಎತ್ತಿರುತ್ತಾನೆ.

ಹದಿನೈದು ಕಿಲೊ ಏನು ಮಹಾ ಎನಿಸಬಹುದು. ಆದರೆ ಬೆನ್ನಿನ ಲೆಕ್ಕವೇ ಬೇರೆ. ನಡುವಿನ ಕೀಲಿನ ಹಿಂದೆ ಸುಮಾರು 5 ಸೆಂ.ಮೀ. ದೂರದಲ್ಲಿ ಬೆನ್ನಿನ ಸ್ನಾಯುಗಳಿವೆ. ಬಗ್ಗಿ ಹಿಡಿದ ಪೆಟ್ಟಿಗೆ ಅದೇ ಕೀಲಿನಿಂದ 50 ಸೆಂ.ಮೀ. ಮುಂದಿರುತ್ತದೆ. ಅಂದರೆ ಅದನ್ನು ತಡೆದು ಹಿಡಿಯಲು ಸ್ನಾಯುಗಳು ಹತ್ತು ಪಟ್ಟು, 150 ಕಿಲೊದಷ್ಟು ಬಲ ಹಾಕಬೇಕು. ಬಗ್ಗಿದ ಮೈಯ ಭಾರ ಇದರ ಮೇಲೆ ಬೇರೆ. ಆ ಎಲ್ಲ ಒತ್ತಡವೂ ಬೀಳುವುದು ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಮೆತ್ತನೆಯ ತಟ್ಟೆಯ ಮೇಲೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗಲೂ ಕೈಯಿಂದ ಎತ್ತಬಹುದಾದ್ದು 23 ಕೆ.ಜಿ. ಮಾತ್ರ. ದೂರ ಚಾಚಿದಷ್ಟೂ, ಮೈ ತಿರುವಿದಷ್ಟೂ, ಮತ್ತೆ ಮತ್ತೆ ಎತ್ತಿದಷ್ಟೂ ಆ ಮಿತಿ ಇಳಿಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು ಗಂಡಸರಿಗೆ 55 ಕೆ.ಜಿ.ವರೆಗೆ ಬಿಟ್ಟಿತ್ತು. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಂಪನಿಯ ಕಾರ್ಖಾನೆಯಿಂದ ಹಿಡಿದು ಈ ಕೃಷ್ಣಾ ತೀರದ ಕಾರ್ಖಾನೆಗಳಿಗೆಲ್ಲ ಗೊತ್ತಿರುವ 50 ಕಿಲೊ ಸಕ್ಕರೆ ಚೀಲ ಆ ಮಿತಿಯೊಳಗೇ ಬರುತ್ತದೆ. ಹಮಾಲನ ಬೆನ್ನು ಮಾತ್ರ ಇದನ್ನು ಒಪ್ಪುವುದಿಲ್ಲ.

ಈಗ ಅದೇ ಕೆಲಸವನ್ನು ಕರೆಂಟಿನಲ್ಲಿ ಅಳೆಯೋಣ. 66 ಪೆಟ್ಟಿಗೆ ಸೇರಿದರೆ ಹೆಚ್ಚುಕಡಿಮೆ ಒಂದು ಟನ್. ಅದನ್ನು 3 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ 29,400 ಜೂಲ್, ಅಂದರೆ ಸುಮಾರು 8 ವಾಟ್-ಗಂಟೆ. ಒಂದು ಯೂನಿಟ್ ಕರೆಂಟು 1,000 ವಾಟ್-ಗಂಟೆ. ಮೋಟಾರು, ಪಂಪು, ಎಣ್ಣೆ, ಸರಪಳಿಗಳಲ್ಲಿ ಅರ್ಧ ಪೋಲಾಯಿತೆಂದು ಹಿಡಿದರೂ, ಒಂದೇ ಯೂನಿಟ್ಟಿನಲ್ಲಿ ಒಂದು ಟನ್ನನ್ನು 60 ಸಲ ಏರಿಸಬಹುದು! ಇಷ್ಟು ಅಗ್ಗದ ಕೆಲಸಕ್ಕೆ ಮನುಷ್ಯನ ಬೆನ್ನುಮೂಳೆ ಸವೆಸುತ್ತಿದ್ದೇವೆ ಎಂಬುದು ನನ್ನನ್ನು ಕಾಡುವ ಸಂಗತಿ.

ಪೆಟ್ಟಿಗೆಗಳನ್ನು ಪೇರಿಸಿಟ್ಟ ಹಲಗೆಯ ಅಡ್ಡೆಯನ್ನು, ಅಂದರೆ ಪ್ಯಾಲೆಟ್ಟನ್ನು, ಏರಿಸುವ ಕೆಲಸಕ್ಕೆಂದೇ ಇರುವ ಯಂತ್ರ ಎಲೆಕ್ಟ್ರಿಕ್ ಪ್ಯಾಲೆಟ್ ಸ್ಟ್ಯಾಕರ್. ಚಾಲಕ ಸಾಮಾನ್ಯವಾಗಿ ಅದರ ಹಿಂದೆ ನಡೆದುಕೊಂಡೇ ಹೋಗುತ್ತಾನೆ. ಎದುರಿಗೆ ಎರಡು ಉಕ್ಕಿನ ಫೋರ್ಕ್, ಅವು ಏರಿಳಿಯುವ ನೆಟ್ಟಗಿನ ಕಂಬ, ಕಂಬದ ಹಿಂದೆ ಬ್ಯಾಟರಿ ಮತ್ತು ಎಣ್ಣೆಯ ಟ್ಯಾಂಕು. ಗುಂಡಿ ಒತ್ತಿದರೆ ಮೋಟಾರು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಸಿಲಿಂಡರಿಗೆ ನೂಕುತ್ತದೆ, ಎಣ್ಣೆ ಪಿಸ್ಟನ್ನನ್ನು ಎತ್ತುತ್ತದೆ. ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸಿನ ತತ್ವವೇ ಇದು.

ಕಂಬದೊಳಗಿನ ಜಾಣ್ಮೆ ಇನ್ನೂ ಚೆಂದ. ಪಿಸ್ಟನ್ನಿನ ತುದಿಯಲ್ಲೊಂದು ಗಾಲಿ, ಅದರ ಮೇಲೆ ಹಾಯ್ದ ಸರಪಳಿ. ಸರಪಳಿಯ ಒಂದು ತುದಿ ಅಲುಗದ ಚೌಕಟ್ಟಿಗೆ, ಇನ್ನೊಂದು ಫೋರ್ಕಿಗೆ. ಗಾಲಿ ಒಂದು ಅಡಿ ಏರಿದರೆ ಫೋರ್ಕು ಎರಡು ಅಡಿ ಏರುತ್ತದೆ. ಬಾವಿಯ ರಾಟೆ ಬಲವನ್ನು ತಿರುಗಿಸಿಕೊಡುತ್ತದೆ, ಇದು ದೂರವನ್ನೇ ಇಮ್ಮಡಿ ಮಾಡುತ್ತದೆ. ಅದಕ್ಕೆ ಬೆಲೆಯೂ ಉಂಟು: ಒಂದು ಟನ್ ಎತ್ತಲು ಪಿಸ್ಟನ್ನು ಎರಡು ಟನ್ ಬಲ ಹಾಕಬೇಕು. ಪಿಸ್ಟನ್ನಿನ ವ್ಯಾಸ 5 ಸೆಂ.ಮೀ. ಇದ್ದರೆ ಎಣ್ಣೆಯ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 100 ಕಿಲೊ. ಭಾರ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ವಾಪಸು ಬಿಡುತ್ತದೆ, ಫೋರ್ಕು ಮೇಲೇಳುವುದಿಲ್ಲ. ಇಳಿಸುವಾಗ ಪಂಪು ಓಡಬೇಕಿಲ್ಲ. ವಾಲ್ವ್ ತೆರೆದರೆ ಭಾರ ತನ್ನ ತೂಕಕ್ಕೆ ತಾನೇ, ನಿಧಾನವಾಗಿ ಇಳಿಯುತ್ತದೆ.

ಚಾಲಕ ಹಿಡಿಯುವ ಟಿಲ್ಲರ್ ಎಂಬ ಹಿಡಿಕೆಯನ್ನು ಹತ್ತಿರದಿಂದ ನೋಡಬೇಕು. ಅದನ್ನು ಅರ್ಧ ಬಾಗಿಸಿ ಹಿಡಿದರೆ ಮಾತ್ರ ಯಂತ್ರ ಚಲಿಸುತ್ತದೆ. ಕೈಬಿಟ್ಟರೆ ಸ್ಪ್ರಿಂಗ್ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ, ಆ ಕ್ಷಣವೇ ಬ್ರೇಕ್ ಬೀಳುತ್ತದೆ. ಟಿಲ್ಲರಿನ ತುದಿಯಲ್ಲೊಂದು ದೊಡ್ಡ ಗುಂಡಿಯಿದೆ. ಹಿಂದಕ್ಕೆ ಬರುತ್ತಿರುವ ಯಂತ್ರಕ್ಕೂ ಗೋಡೆಗೂ ನಡುವೆ ಚಾಲಕ ಸಿಕ್ಕಿಕೊಂಡರೆ ಆ ಗುಂಡಿ ಅವನ ಹೊಟ್ಟೆಗೆ ತಾಗಿ ಒತ್ತಿಕೊಳ್ಳುತ್ತದೆ, ಯಂತ್ರ ತಾನೇ ಅವನಿಂದ ದೂರ ಸರಿಯುತ್ತದೆ.

ಫೋರ್ಕ್‌ಲಿಫ್ಟಿನ ಹಿಂಬದಿಯಲ್ಲಿ ಭಾರಕ್ಕೆ ಸಮತೂಕವಾಗಿ ದೊಡ್ಡ ಕಬ್ಬಿಣದ ಗಡ್ಡೆ ಇರುತ್ತದೆ. ಸ್ಟ್ಯಾಕರಿಗೆ ಅದಿಲ್ಲ, ಬದಲಿಗೆ ನೆಲದ ಮೇಲೆ ಮುಂದಕ್ಕೆ ಚಾಚಿದ ಎರಡು ಕಾಲುಗಳಿವೆ. ಹಾಗಾಗಿ ಅದು ಹಗುರ, ಇಕ್ಕಟ್ಟಿನ ಓಣಿಯಲ್ಲೂ ತಿರುಗುತ್ತದೆ. ತೊಡಕೂ ಇಲ್ಲೇ ಇದೆ. ಸಾದಾ ಮಾದರಿಗಳಲ್ಲಿ ಕಾಲುಗಳು ಫೋರ್ಕಿನ ಕೆಳಗೇ ಇರುವುದರಿಂದ, ಅಡಿಗೆ ಅಡ್ಡಪಟ್ಟಿ ಹೊಡೆದ ಪ್ಯಾಲೆಟ್ಟಿನೊಳಗೆ ಅವು ಹೋಗುವುದಿಲ್ಲ. ಯಂತ್ರ ತಂದ ಮೇಲೆ ಪ್ಯಾಲೆಟ್ ನೋಡುವುದಲ್ಲ, ಪ್ಯಾಲೆಟ್ ನೋಡಿ ಯಂತ್ರ ಆರಿಸಬೇಕು.

ನೆಲದ ಮಾತು ಇನ್ನೂ ಮುಖ್ಯ. ಕಾಲುಗಳ ಚಕ್ರಗಳು ಅಂಗೈಯಗಲದಷ್ಟೇ ಇರುತ್ತವೆ. ಬಿರುಕುಬಿಟ್ಟ ಕಾಂಕ್ರೀಟು, ಎದ್ದ ಫರಸಿಕಲ್ಲು ಅವಕ್ಕೆ ಹಳ್ಳವೇ ಸರಿ. ನೆಲದಲ್ಲಿ ಒಂದು ಕಡೆ 1 ಸೆಂ.ಮೀ. ತಗ್ಗಿದ್ದರೆ, 3 ಮೀಟರ್ ಎತ್ತರದ ಭಾರ ಹಲವು ಸೆಂ.ಮೀ. ವಾಲುತ್ತದೆ. ಅದಕ್ಕೇ ಯಂತ್ರದ ಫಲಕದಲ್ಲಿ ಎತ್ತರ ಹೆಚ್ಚಿದಂತೆ ಕಡಿಮೆಯಾಗುವ ಭಾರದ ಪಟ್ಟಿ ಇರುತ್ತದೆ. ಒಂದೂವರೆ ಟನ್ನಿನ ಯಂತ್ರವೆಂದರೆ ಎಲ್ಲ ಎತ್ತರಕ್ಕೂ ಒಂದೂವರೆ ಟನ್ ಎಂದಲ್ಲ.

ಬ್ಯಾಟರಿ ಹೆಚ್ಚಾಗಿ 24 ವೋಲ್ಟಿನದು. ಸೀಸ-ಆಮ್ಲದ್ದಾದರೆ ಡಿಸ್ಟಿಲ್ಡ್ ವಾಟರ್ ನೋಡುತ್ತಿರಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಗಾಳಿಯಾಡುವ ಜಾಗವೇ ಬೇಕು. ಥಂಡಿಯಲ್ಲಿ ಅದರ ಕಸುವು ಕುಗ್ಗುತ್ತದೆ. ಆದ್ದರಿಂದ ಕೋಲ್ಡ್ ಸ್ಟೋರೇಜಿನ ಯಂತ್ರವನ್ನು ಕೆಲಸ ಮುಗಿದ ಮೇಲೆ ಒಳಗೇ ನಿಲ್ಲಿಸದೆ ಹೊರಗೆ ತಂದು ಚಾರ್ಜಿಗೆ ಹಚ್ಚುವುದು ಒಳ್ಳೆಯದು.

ಟಿಲ್ಲರ್ ಯಾರ ಕೈಗೆ ಕೊಡಬೇಕು? ಹಮಾಲರ ಕೈಗೇ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಥಪ್ಪಿ ವಾಲುತ್ತಿದೆ, ಯಾವ ಪೆಟ್ಟಿಗೆಯ ತಳ ಒದ್ದೆಯಾಗಿ ಕುಸಿಯಲಿದೆ ಎಂದು ನೋಡಿದೊಡನೆ ಹೇಳಬಲ್ಲವರು ಅವರು. ಆದರೆ ಹಮಾಲಿ ಇವತ್ತಿಗೂ ಹೆಚ್ಚಾಗಿ ಚೀಲಕ್ಕಿಷ್ಟು, ಪೆಟ್ಟಿಗೆಗಿಷ್ಟು ಎಂಬ ಲೆಕ್ಕದಲ್ಲೇ ನಡೆಯುತ್ತದೆ. 66 ಪೆಟ್ಟಿಗೆ ಒಂದೇ ಸಲ ಏರಿದಾಗ ಆ ಕೂಲಿ ಯಾರ ಪಾಲು, ದಿನಗೂಲಿ ಎಷ್ಟು ಎಂಬುದನ್ನು ಗೋದಾಮಿನ ಮಾಲೀಕರೂ ಹಮಾಲರೂ ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ಕೂತು ಮಾತಾಡಿಕೊಳ್ಳಬೇಕು.