ಹಾವೇರಿಯ ಏಲಕ್ಕಿ ಮಾಲೆ

ಏಲಕ್ಕಿ ಹಾವೇರಿಯ ಬೆಳೆಯಲ್ಲ. ಮಲೆನಾಡಿನಿಂದ ಬಂದ ಕಾಯನ್ನು ಅಂಟುವಾಳದ ನೊರೆಯಲ್ಲಿಯೂ ಇಲ್ಲಿಯ ಬಾವಿಯ ನೀರಿನಲ್ಲಿಯೂ ತೊಳೆದು ಬಿಳುಪೇರಿಸುವ ಉದ್ಯೋಗವೊಂದು ಹಿಂದೆ ಇದ್ದಿತು. ‘ಏಲಕ್ಕಿ ಕಂಪಿನ ನಾಡು’ ಎಂಬ ಹೆಸರಿಗೆ ಅದೇ ಮೂಲ. ಆ ವೈಭವ ಕಳೆಯಿತು, ಮಾಲೆ ಉಳಿಯಿತು.

ಪಟವೇಗಾರರ ಮನೆಯಲ್ಲಿ ಮಾಲೆ ಕಟ್ಟುವುದನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತದ್ದುಂಟು. ಗಾತ್ರಕ್ಕೆ ಗಾತ್ರ ಕೂಡುವಂತೆ ಕಾಯಿಗಳನ್ನು ಆಯ್ದು, ಸೂಜಿಯಿಂದ ಒಂದೊಂದನ್ನೇ ಪೋಣಿಸಿ, ನಡುನಡುವೆ ಮಣಿ, ಜರಿ, ರೇಶಿಮೆಯ ಕುಚ್ಚುಗಳನ್ನು ಸೇರಿಸುವರು. ಸಿಪ್ಪೆ ಬಿರಿದ ಕಾಯಿ ಮಾಲೆಗೆ ಸಲ್ಲದು. ಎಳೆ ಹೆಚ್ಚಿದಂತೆ ಬೆಲೆಯೂ ಹೆಚ್ಚು. ಆದರೆ ಏಲಕ್ಕಿಯ ಧಾರಣೆ ಏರಿದಾಗ ಆ ಹೆಚ್ಚಳವೆಲ್ಲ ಕಾಯಿಗೇ ಹೋಗುತ್ತದೆ, ಕೈಗಲ್ಲ!

ನೆರೆಯ ಬ್ಯಾಡಗಿಗೆ ಮೆಣಸಿನಕಾಯಿಯ ಪೇಟೆಯುಂಟು, ರಾಣೆಬೆನ್ನೂರಿಗೆ ಬಿತ್ತನೆಬೀಜದ ವ್ಯಾಪಾರವುಂಟು. ಈ ಕಸಬಿಗೆ ಪೇಟೆಯೆಂದರೆ ಮದುವೆ, ಚುನಾವಣೆ, ಸನ್ಮಾನ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿಯೇ ನೆರೆದಿತ್ತು. ಅಂಥ ಹಬ್ಬ ಊರಿಗೆ ವರ್ಷವರ್ಷವೂ ಬಾರದು. ಕೊರಳೊಡ್ಡಿದ ಗಣ್ಯರಲ್ಲಿ ಕಟ್ಟಿದವರ ಹೆಸರು ಕೇಳಿದವರನ್ನಂತೂ ನಾನು ಕಂಡಿಲ್ಲ.

ಹೂವಿನ ಮಾಲೆ ಸಂಜೆಗೆ ಬಾಡುವುದರಿಂದ ಹೂವಾಡಿಗನಿಗೆ ನಾಳೆಯೂ ಕೆಲಸವುಂಟು. ಏಲಕ್ಕಿ ಮಾಲೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಕೊಂಡವರು ಮತ್ತೆ ಈ ಮನೆಯ ಬಾಗಿಲಿಗೆ ಬರುವುದು ಇನ್ನೊಬ್ಬರ ಸನ್ಮಾನ ಒದಗಿದಾಗಲೇ.